ಮುಂಬಾಗಿಲ ಆರತಿ

"ಇತ್ಲ ಬಾಗ್ಲಿಂದ ಬಾರವ್ವ. ಯಾರೂ ನೋಡಕಿಲ್ಲ," ಎಂದಳು ಹೊಂಬಾಳಮ್ಮ, ಮುಂಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಹಿತ್ತಿಲ ಕಡೆ ಕೈ ತೋರಿಸಿ.

ಸೊಸೆ ನಯನ ಬ್ಯಾಗನ್ನು ಜಗಲಿಯ ಮೇಲಿಟ್ಟು ಮಗುವನ್ನು ಭುಜಕ್ಕೆ ಏರಿಸಿಕೊಂಡಳು. ಶಿವನಸಮುದ್ರದ ತವರಿನಿಂದ ಬೆಳಿಗ್ಗೆ ಹೊರಟವಳು ಮಳವಳ್ಳಿಯಲ್ಲೊಮ್ಮೆ, ಮದ್ದೂರಿನಲ್ಲೊಮ್ಮೆ ಬಸ್ಸು ಬದಲಿಸಿ, ಬಿಸಿಲಲ್ಲಿ ಹೆದ್ದಾರಿ ದಾಟಿ ಸೋಮನಹಳ್ಳಿಯ ಈ ಬೀದಿಗೆ ಒಬ್ಬಳೇ ಬಂದಿದ್ದಳು. ಹೀಗೆ ಯಾರೂ ಬರುವುದಿಲ್ಲ. ಬಾಣಂತನ ಮುಗಿದ ಮೇಲೆ ಗಂಡನ ಮನೆಯವರೇ ಹೋಗಿ ಕರೆದು ತರಬೇಕು. ಮುತ್ತೈದೆಯೊಬ್ಬಳು ತಾಯಿ ಮಗುವನ್ನು ಹೊಸಿಲಾಚೆ ನಿಲ್ಲಿಸಿ, ಅರಿಶಿನಕ್ಕೆ ಸುಣ್ಣ ಕಲೆಸಿದ ಕೆಂಪು ನೀರಿನ ಆರತಿ ಎತ್ತಬೇಕು. ಮಗು ಅಮೃತಳಿಗೆ ಆರನೇ ತಿಂಗಳು ನಡೆಯುತ್ತಿದ್ದರೂ ಕರೆಯಲು ಯಾರೂ ಹೋಗಿರಲಿಲ್ಲ. ಗಂಡ ಪುನೀತ ಫ್ಯಾಕ್ಟರಿಗೆ ರಜೆಯಿದ್ದಾಗಲೆಲ್ಲ ಬಂದು ಮಗುವನ್ನು ಎತ್ತಿ ಮುದ್ದಾಡಿ, "ಅವ್ವ ಒಸಿ ಸಮಾಧಾನ ಆಗ್ಲಿ" ಎಂದು ಹೇಳಿ ಹೋಗುತ್ತಿದ್ದ. ಒಳ್ಳೆಯವನೇ, ಪಾಪ. ಅವ್ವನ ಮುಂದೆ ಮಾತ್ರ ಅವನಿಗೆ ಬಾಯಿ ಇರಲಿಲ್ಲ.

"ಆರತಿ ಎತ್ತೋಗಂಟ ಒಳೀಕೆ ಬರಕಿಲ್ಲ ಅತ್ತೆ."

"ಯಾರ್ನ ಕರೀಲವ್ವ? ನಾನು ಗಂಡ ಸತ್ತೋಳು. ಎದುರ್ಮನೆ ಭಾಗ್ಯಲಕ್ಷ್ಮೀನ ಕರುದ್ರೆ ಸಂಜೆ ಒತ್ಗೆ ಊರ್ಗೆಲ್ಲ ಗೊತ್ತಾಯ್ತದೆ."

"ಗೊತ್ತಾಗ್ಲಿ."

ಭಾಗ್ಯಲಕ್ಷ್ಮಿಯನ್ನು ಕರೆಯುವ ಅಗತ್ಯವೇನೂ ಇರಲಿಲ್ಲ. ಸೊಪ್ಪು ಬಿಡಿಸುವ ನೆಪದಲ್ಲಿ ಅವಳು ಆಗಲೇ ತನ್ನ ಜಗಲಿಗೆ ಬಂದು ಕೂತಿದ್ದಳು. ಮೊರದಲ್ಲಿ ಒಂದು ಎಲೆಯೂ ಬಿದ್ದಿರಲಿಲ್ಲ.

"ಬಿಸ್ಲಲ್ಲಿ ಯಾಕವ್ವ ನಿಂತಿದ್ದೀಯೆ? ಬಸ್ರೀಲಿ ಗ್ರಾಣ ಇಡ್ದಾಗ ಈಚೆ ಬಂದು ಆಗಿದ್ದು ಆಗೋಯ್ತು. ಮಗೀನ ಒಳೀಕೆ ಕರ್ಕಂಡೋಗು," ಎಂದು ಅಲ್ಲಿಂದಲೇ ಹೇಳಿದಳು.

ನಯನಳಿಗೆ ಮೈಯೆಲ್ಲ ಉರಿದುಹೋಯಿತು. ಬೀದಿಯ ಕಡೆ ತಿರುಗಿ ಮಗುವಿನ ಕುಲಾವಿ ಬಿಚ್ಚಿದಳು. ಹುಟ್ಟಿದಾಗ ಹೊಲಿಸಿದ ಕುಲಾವಿ ಇನ್ನೂ ಸಡಿಲವಾಗಿಯೇ ಇತ್ತು.

"ಗ್ರಾಣ ಅಲ್ಲ ಕಣಕ್ಕ, ಸೊಳ್ಳೆ! ಜೀಕಾ ಅಂತ ಕಾಯ್ಲೆ. ಬಸ್ರೀಲಿ ಬಂದ್ರೆ ಒಟ್ಟೇಲಿರೋ ಮಗೀನ ತಲೆ ಬೆಳಿಯಕಿಲ್ಲ. ನೋಡು, ಸರ್ಯಾಗಿ ನೋಡ್ಕೊ. ಸೊಳ್ಳೆ ಕಚ್ಚಿದ್ದುಕ್ಕೆ ನನ್ ಮಗ್ಳು ಯಾಕೆ ಇತ್ಲ ಬಾಗ್ಲಲ್ಲಿ ಬರ್ಬೇಕು?"

ಭಾಗ್ಯಲಕ್ಷ್ಮಿ ಸೊಪ್ಪಿನ ಕಡೆ ಕಣ್ಣು ಇಳಿಸಿದಳು. ಬಾಗಿಲ ಹಿಂದಿನಿಂದ ಹೊಂಬಾಳಮ್ಮ, "ಮುಚ್ಚವ್ವ, ತಲೆ ಮುಚ್ಚು," ಎಂದು ಗೋಗರೆದಳು. ಊರಿನವರ ಬಾಯಿಗೆ ಅವಳು ಹೆದರುತ್ತಿದ್ದುದು ನಿಜ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು. ನಯನಳಿಗೆ ಮೂರನೇ ತಿಂಗಳಲ್ಲಿ ಜ್ವರ ಬಂದು ಮೈಮೇಲೆ ಕೆಂಪು ಗಂಧೆ ಎದ್ದಾಗ, "ಅಮ್ಮ ಬಂದವ್ಳೆ, ಆಸ್ಪತ್ರೆಗೆ ಓಗಂಗಿಲ್ಲ," ಎಂದು ಬೇವಿನ ಸೊಪ್ಪು ಹಾಸಿ ಮಲಗಿಸಿದವಳು ಅವಳೇ. ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದ್ದಳು. ಗಂಧೆ ಇಳಿದ ಮೇಲೆ ಮಾರಮ್ಮನಿಗೆ ಮೊಸರನ್ನದ ತಂಪು ಮಾಡಿ ಬಂದು ನೆಮ್ಮದಿಯಿಂದ ಮಲಗಿದ್ದಳು. ಆಮೇಲೆ ಸ್ಕ್ಯಾನಿಂಗ್ ಆಯಿತು, ರಕ್ತಪರೀಕ್ಷೆಯಲ್ಲಿ ಜೀಕಾ ಎಂದು ಗೊತ್ತಾಯಿತು. ಮಗು ಹುಟ್ಟಿದ ಮೇಲೂ ಆ ತಲೆಯನ್ನು ಬೆಳಕಿನಲ್ಲಿ ನೋಡುವ ಧೈರ್ಯ ಅವಳಿಗಿರಲಿಲ್ಲ.

"ನಾನೇ ಕಣವ್ವ ಮಾಡಿದ್ದು. ಅವತ್ತೇ ಆಸ್ಪತ್ರೆಗೆ ಕಳುಸಿದ್ದಿದ್ರೆ..." ಹೊಂಬಾಳಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಕಳುಸಿದ್ರೂ ಇಷ್ಟೇಯ. ಇದ್ಕೆ ಔಸ್ತಿ ಇಲ್ಲ ಅಂತ ಡಾಕ್ಟ್ರು ನಿಮ್ಮೆದ್ರುಗೇ ಯೋಳುದ್ರಲ್ಲ! ನಿಮ್ ತಪ್ಪಲ್ಲ, ನಂದೂ ಅಲ್ಲ. ಇವ್ಳುದಂತೂ ಅಲ್ವೇ ಅಲ್ಲ. ಆರತಿ ತನ್ನಿ ಅತ್ತೆ, ನೀವೇ ಎತ್ತಿ."

"ನಾನು ಎತ್ತಬಾರ್ದು ಕಣವ್ವ."

ಅಷ್ಟರಲ್ಲಿ ಭಾಗ್ಯಲಕ್ಷ್ಮಿ ಸೆರಗು ಕೊಡವಿ ಎದ್ದು ಬಂದಳು. "ಬುಡಿ ಅತ್ಗೆ, ನಾನೇ ಎತ್ತೀನಿ. ನೀವ್ ಮುಟ್ಬೇಡಿ. ಮೊದ್ಲೇ ಇಂಗಿರೋ ಮಗ, ಇನ್ನೇನಾರ ಆದಾತು."

ಹೊಂಬಾಳಮ್ಮ ಮುಚ್ಚಿಕೊಂಡಿದ್ದ ಬಾಗಿಲನ್ನು ಒಮ್ಮೆಲೇ ಪೂರ್ತಿ ತೆರೆದಳು.

"ಇನ್ನೇನೇ ಆಗ್ಬೇಕು ನನ್ ಮೊಮ್ಮಗೀಗೆ? ನೀನ್ ಓಗಿ ಸೊಪ್ಪು ಸೋಸ್ಕೊ ಓಗು!"

ಒಳಗೆ ಪಾತ್ರೆಗಳು ಬಿದ್ದ ಸದ್ದಾಯಿತು. ಹೊಂಬಾಳಮ್ಮ ತಟ್ಟೆ ಹಿಡಿದು ಬಂದಾಗ ಅವಳ ಮೊಣಕೈಯವರೆಗೂ ಕೆಂಪು ಸಿಡಿದಿತ್ತು. ಆರತಿ ಹಾಡಲು ಯಾರೂ ಇರಲಿಲ್ಲ, ಅಮೃತಳ ಚೀರಾಟವೇ ಬೀದಿಯ ತುಂಬ ಕೇಳುತ್ತಿತ್ತು. ಗಂಡ ಸತ್ತ ಮೇಲೆ ಇಂಥ ತಟ್ಟೆ ಮುಟ್ಟದ ಕೈ ಆರತಿ ಎತ್ತಿತು. ಆಮೇಲೆ ಬೊಟ್ಟಿಡಲು ಬಗ್ಗಿ, ಮೊಮ್ಮಗಳ ಮುಖವನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ಹಣೆ ಹುಬ್ಬಿನ ಮೇಲಿಂದಲೇ ಹಿಂದಕ್ಕೆ ಜಾರಿತ್ತು, ಬೊಟ್ಟಿಗೆ ಜಾಗ ಸ್ವಲ್ಪವೇ ಇತ್ತು. ಎದುರು ಜಗಲಿಗಳಲ್ಲಿ ಈಗ ನಾಲ್ಕಾರು ಜನ ನಿಂತಿದ್ದರು. ಹೊಂಬಾಳಮ್ಮ ಹೆಬ್ಬೆರಳನ್ನು ಕೆಂಪು ನೀರಿಗೆ ಪೂರ್ತಿ ಅದ್ದಿ, ಅಷ್ಟೂ ಜನಕ್ಕೆ ಕಾಣುವ ಹಾಗೆ, ಹಣೆ ತುಂಬ ಒತ್ತಿದಳು.