ಹಿಂದಕ್ಕೆ ತಿರುಗುವ ಕತ್ತು

ನಮ್ಮ ಭಾವನ ಕಾಲು ಮುಂದಕ್ಕೆ ನಡೆದರೂ ಕತ್ತು ಮಾತ್ರ ಸದಾ ಹಿಂದಕ್ಕೆ ಹೊರಟಿರುತ್ತದೆ. ವೃತ್ತಿಯಲ್ಲಿ ದರ್ಜಿ, ಪ್ರವೃತ್ತಿಯಲ್ಲಿ ವನಸಂಚಾರಿ. ರಜೆ ಬಂತೆಂದರೆ ಅಂಗಡಿಗೆ ಬೀಗ ಜಡಿದು, ತಾವೇ ಹೊಲಿದುಕೊಂಡ ಮೈತುಂಬ ಜೇಬಿನ ಕೋಟನ್ನು ಕವಚದಂತೆ ತೊಟ್ಟು, ಅಳತೆಯ ಟೇಪನ್ನು ಕೊರಳಿಂದ ತೆಗೆಯಲು ಮರೆತು, ಸಂರಕ್ಷಿತ ಕಾಡಿನ ಮೇಲೆ ದಂಡೆತ್ತಿ ಹೋಗುತ್ತಾರೆ. ಗೇಟು ದಾಟಿದ್ದೇ ತಡ, ಶೌರ್ಯವೆಲ್ಲ ಕತ್ತಿಗೆ ಇಳಿಯುತ್ತದೆ. ಎಲೆ ಅಲುಗಿದರೆ ನಿಂತು ಹಿಂದೆ ನೋಡುತ್ತಾರೆ. ಅಲುಗದಿದ್ದರೆ ಇನ್ನೂ ಹೆಚ್ಚು ಹೊತ್ತು ನೋಡುತ್ತಾರೆ.

“ಭಾವ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?” ಎಂದು ಕಿಚಾಯಿಸಿದರೆ, “ಬಂದ್ರೆ ಮೊದ್ಲು ಸಿಗೋದು ನೀನೇ, ನಡಿ” ಎನ್ನುತ್ತಾರೆ.

ಇವರ ಧರ್ಮಪತ್ನಿ, ನನ್ನ ಅಕ್ಕ, ಭಯವೆಂಬುದನ್ನೇ ಅರಿಯದವಳು. ಅವಳಿಗೆ ಲೋಕದಲ್ಲಿ ಇರುವ ಒಬ್ಬನೇ ಶತ್ರು, ಕಸ.

ಕಳೆದ ಚಳಿಗಾಲದಲ್ಲಿ ಮೂವರೂ ಹೊಸ ಕಾಲುದಾರಿ ಹಿಡಿದೆವು. ಗೇಟಿನ ಫಲಕ ಮೂರೇ ಮಾತು ಹೇಳಿತ್ತು: ಇಲ್ಲಿ ಏನನ್ನೂ ಬಿಟ್ಟು ಹೋಗಬೇಡಿ, ಕರಡಿಗಳಿವೆ, ಕತ್ತಲಾಗುವುದರೊಳಗೆ ಹೊರಬನ್ನಿ. ದಾರಿ ಕವಲೊಡೆದಲ್ಲೆಲ್ಲ ಭಾವ ಗುರುತಿಗೆಂದು ಕೆಂಪು ಬಟ್ಟೆಯ ಚಿಂದಿಯೊಂದನ್ನು ಪೊದೆಗೆ ಕಟ್ಟುತ್ತಿದ್ದರು. ನಡುವೆ ನಾನು. ಕೊನೆಯಲ್ಲಿ ಅಕ್ಕ, ಹಾಡು ಗುನುಗುತ್ತ.

ಗುಡ್ಡದ ನೆತ್ತಿಯಲ್ಲಿ ಮಂಜು ಕವಿಯಿತು. ಗಡಬಡಿಸಿ ಹಿಂತಿರುಗಿದೆವು. ಮೊದಲ ಕವಲಿನಲ್ಲಿ ಚಿಂದಿ ಇರಲಿಲ್ಲ. ನಾನು ಪೊದೆಯ ಸುತ್ತೆಲ್ಲ ತಡಕಾಡಿದೆ.

“ಅಕ್ಕ, ಇಲ್ಲೊಂದು ಕೆಂಪು ಬಟ್ಟೆ ಇತ್ತಲ್ಲ?”

ಅಕ್ಕ ಹೆಮ್ಮೆಯಿಂದ ಚೀಲ ತೆರೆದು ತೋರಿಸಿದಳು. “ಒಂದೂ ಬಿಡ್ದೆ ಬಿಚ್ಚಿ ತಂದಿದೀನಿ. ಅಂಗಡಿ ಕಸಾನೆಲ್ಲ ತಂದು ಕಾಡಿಗೆ ಕಟ್ಟಿದ್ರೆ ಹೇಗೆ?” ಆಮೇಲೆ ನಮ್ಮಿಬ್ಬರ ಮುಖ ನೋಡಿದಳು. “ಅಯ್ಯೋ… ಅದು ಗುರುತಾ?” ಮೊದಲ ಬಾರಿಗೆ ಅವಳ ಕೈ ಗಂಡನ ಕೋಟಿನ ತುದಿ ಹಿಡಿದುಕೊಂಡಿತು.

ಭಾವ ರೇಗಲಿಲ್ಲ. ಗಿರಾಕಿಯೊಬ್ಬ ಎದುರು ನಿಂತಂತೆ ಕಣ್ಣು ಕಿರಿದಾಗಿಸಿ ಒಂದು ಮರವನ್ನು ದಿಟ್ಟಿಸಿದರು. “ಬಲಭುಜ ಇಳಿದಿದೆ, ಬೆನ್ನು ಗೂನು. ಇವರ ಪಕ್ಕದಿಂದಾನೇ ಬಂದಿದ್ದು.” ಮುಂದಿನ ಕವಲಿನಲ್ಲಿ ಹೊಟ್ಟೆ ಬಂದ ಬಂಡೆ, ಅದರ ಮುಂದಿನದರಲ್ಲಿ ಸೊಂಟವೇ ಇಲ್ಲದ ಜೋಡಿ ಮರ. ಹಣೆಯಲ್ಲಿ ಬೆವರು, ಕತ್ತು ಮತ್ತೆ ಮತ್ತೆ ಹಿಂದಕ್ಕೆ. ಆದರೂ ಮಹಾನುಭಾವರು ಅಳತೆ ತಪ್ಪಲಿಲ್ಲ. ಪೊದೆಯೊಳಗೆ ಏನೋ ಗುಟುರು ಹಾಕಿದಾಗ ಅವರು ನಮ್ಮ ಮುಂದೆ ಬಂದು ನಿಂತರು. ವೀರನಾದ ನಾನು ಅಕ್ಕನ ಹಿಂದೆ ವ್ಯೂಹ ರಚಿಸಿದೆ. ಅದೇನಿತ್ತೋ, ದಡಬಡನೆ ಇಳಿಜಾರು ಹಿಡಿದು ಹೋಯಿತು. ಕಾವಲುಗಾರ ಬೀಗ ಕೈಗೆತ್ತಿಕೊಳ್ಳುವಾಗ ಗೇಟಿನಲ್ಲಿದ್ದೆವು.

ಉಸಿರು ತಿರುಗಿದ ಮೇಲೆ ಅಕ್ಕನಿಗೆ ಅನುಮಾನ ಬಂತು. “ರೀ, ಹೆಜ್ಜೆಗೊಂದ್ಸಲ ಹಿಂದೆ ನೋಡ್ತಿದ್ರಲ್ಲ, ನಾನು ಬಿಚ್ಚೋದು ಕಾಣ್ಲಿಲ್ವಾ?”

“ಕಾಣ್ತು. ಅದಕ್ಕೇ ಮರಗಳನ್ನ ನೋಡ್ಕೊಂಡೆ.”

“ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಗುರುತು ಅಂದಿದ್ರೆ, ದಾರಿ ತಪ್ಪುತ್ತಾ ಅಂತ ನೀನು ಕೇಳ್ತಿದ್ದೆ. ಆಮೇಲೆ ನಿನ್ನ ಹಾಡು ನಿಂತ್ಹೋಗ್ತಿತ್ತು.”

ಇಂಥವರೊಬ್ಬರು ಬಹುಶಃ ಎಲ್ಲರ ಮನೆಯಲ್ಲೂ ಇರುತ್ತಾರೆ: ಹಾಕಿದ ಚಿಲಕವನ್ನು ಮತ್ತೆ ಎಳೆದು ನೋಡುವವರು, ರೈಲಿಗಿಂತ ಬಹಳ ಮೊದಲೇ ನಿಲ್ದಾಣ ಸೇರುವವರು. ಪುಕ್ಕಲರೆಂದು ನಾವು ನಗುತ್ತೇವೆ. ನಮ್ಮ ಪಾಲಿನ ಹೆದರಿಕೆಯನ್ನೂ ಅವರೇ ಹೆದರಿ ಮುಗಿಸುವುದರಿಂದ ನಮಗೆ ನಗಲು, ಹಾಡಲು ಇಷ್ಟೊಂದು ಬಿಡುವು.