ಎರಡು ಸಂಜೆಯ ಸಹಿ

“ಚಾಪೆ, ದಿಂಬಿನ ಜೊತೆ ಆ ರಿಜಿಸ್ಟರುಗಳೂ ಬೆಂಕಿಗೆ ಹೋಗ್ಲಿ ಸಂಪತ್. ನಿಮ್ಮಪ್ಪಂದೇ ಅಲ್ವಾ?”

ಕೋಕಿಲಾ ಮೆಲ್ಲಗೆ ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಆಕೆಯ ಮಗಳು ಮೇಧಾ ಆಗಲೇ ಟ್ರಂಕು ತೆಗೆದು ಕೂತಿದ್ದಳು.

ಕಾಮಾಕ್ಷಿಪಾಳ್ಯದ ಆ ಗಲ್ಲಿಗೆ ತಮಟೆಯವರು ಬಂದಿದ್ದರು. ಚಿಕ್ಕಮುನಿಯಪ್ಪನ ಹೆಣ ಜಗಲಿಯ ಮೇಲಿತ್ತು. ಅವನು ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ವಾಚ್‌ಮನ್ ಆಗಿದ್ದ. ಸಂಜೆ ಗೇಟಿನಲ್ಲಿ ಹುಡುಗಿಯರು ಸಹಿ ಹಾಕುತ್ತಿದ್ದ ರಿಜಿಸ್ಟರುಗಳನ್ನು ಯಾರೋ ರದ್ದಿಗೆ ಎಸೆದಾಗ ಮನೆಗೆ ಹೊತ್ತು ತಂದಿದ್ದ. ಹಳೆಯ ವಿದ್ಯಾರ್ಥಿಗಳ ಬದುಕಿನ ದಾಖಲೆ ಕೂಡಿಡುವ ಪತ್ರಾಗಾರದಲ್ಲಿ ಮೇಧಾಳಿಗೆ ಕೆಲಸ. ಸತ್ತವರ ಸಾಮಾನು ಮನೆಯಲ್ಲಿ ಉಳಿಸುವುದಿಲ್ಲ, ಹೆಣ ಎತ್ತುವ ಮೊದಲೇ ತೆಗೆದುಕೊಂಡು ಹೋಗಿ ಎಂದು ಅವನ ಮಗ ಸಂಪತ್ ಅವಳಿಗೆ ಫೋನು ಮಾಡಿದ್ದ. ಅಮ್ಮ ಓದಿದ ಹಾಸ್ಟೆಲಿನದೇ ಎಂದು ಮೇಧಾಳಿಗೆ ಎಲ್ಲಿಲ್ಲದ ಹಿಗ್ಗು.

*

ನಲವತ್ತು ವರ್ಷದ ಹಿಂದಿನ ಮಾತು. ಮದುವೆಯಾಗುತ್ತೇನೆಂದಿದ್ದ ಸಹಪಾಠಿ ಊರಿಗೆ ಹೋದವನು ಮತ್ತೆ ಮುಖ ತೋರಿಸಲಿಲ್ಲ. ಕೋಕಿಲಾ ಒಬ್ಬಳೇ ಹೋಗಿ ಗರ್ಭ ತೆಗೆಸಿಕೊಂಡಳು. ಎರಡು ದಿನ ನರ್ಸಿಂಗ್ ಹೋಮಿನಲ್ಲೇ ಮಲಗಬೇಕಾಯಿತು. ಸಂಜೆ ಸಹಿ ಇಲ್ಲದಿದ್ದರೆ ಅಪ್ಪನಿಗೆ ತಂತಿ ಹೋಗುತ್ತಿತ್ತು. ಮೂರನೆಯ ಬೆಳಗ್ಗೆ ಗೋಡೆ ಹಿಡಿದು ಬಂದವಳಿಗೆ ಚಿಕ್ಕಮುನಿಯಪ್ಪ ಗೇಟು ತೆಗೆದ.

“ಎಲ್ಲಿಗೋಗಿದ್ರಿ ಅಂತ ಕೇಳಕಿಲ್ಲ ಕಣವ್ವ. ಸಹಿ ಆಗೈತೆ. ಹೋಗಿ ಮಲ್ಕೊಳಿ.”

ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಮಗಳಿಗೆ ತಿಳಿದರೆ ಅವಳ ಮುಖ ಹೇಗೆ ನೋಡುವುದು?

*

“ಅಮ್ಮಾ, ನಿನ್ ಹೆಸ್ರು ಸಿಕ್ತು.”

ಮೇಧಾಳ ಬೆರಳು ತಾರೀಖಿನಿಂದ ತಾರೀಖಿಗೆ ಇಳಿಯಿತು. ಅಮ್ಮನ ಓರೆ ಇಂಗ್ಲಿಷ್ ಸಹಿ, ಮತ್ತೆ ಅದೇ. ಆಮೇಲೆ ಬೆರಳು ನಿಂತಿತು. ಎರಡು ಸಂಜೆ ಮಾತ್ರ ದಪ್ಪ ಕನ್ನಡದಲ್ಲಿ, ಗೆರೆ ಮೀರಿ, ಕೋಕಿಲಾ ಎಂದಿತ್ತು.

“ಇದು ನಿನ್ ಸೈನ್ ಅಲ್ವಲ್ಲ?”

ಕೋಕಿಲಾ ರಿಜಿಸ್ಟರಿನತ್ತ ಕೈ ಚಾಚಿದಳು. ಹೆಣದ ಬಾಯಿಗೆ ಅಕ್ಕಿ ಹಾಕಲು ಎಲ್ಲರನ್ನೂ ಕರೆಯುತ್ತ ತಟ್ಟೆ ಹಿಡಿದು ಬಂದ ಶಿವಗಂಗಮ್ಮ, ಚಿಕ್ಕಮುನಿಯಪ್ಪನ ಹೆಂಡತಿ, ಪುಟ ನೋಡಿ ನಿಂತಳು.

“ನಮ್ಮೋರು ಬರ್ದಿದ್ದು ಕಣವ್ವ. ಸಂಬಳಕ್ಕೂ ಹೆಬ್ಬೆಟ್ಟು ಒತ್ತೋರು. ಆವತ್ತು ಸಂಪತ್ ಕೈಲಿ ಸ್ಲೇಟ್ ಮ್ಯಾಲೆ ನಿಮ್ಮಮ್ಮನ ಹೆಸ್ರು ಬರೆಸ್ಕೊಂಡು ತಿದ್ದಿದ್ದೇ ತಿದ್ದಿದ್ದು. ಸಾಯೋಗಂಟ ಇನ್ನೊಂದ್ ಹೆಸ್ರು ಬರೆಯಕ್ ಕಲೀಲಿಲ್ಲ.”

ಹೇಳಿ ಕಣ್ಣೊರೆಸಿಕೊಂಡಳು. ಗಂಡ ಮಾಡಿದ ಉಪಕಾರವನ್ನು ನೆನೆದೆನೆಂದೇ ಅವಳ ಭಾವನೆ.

ಮೇಧಾ ರಿಜಿಸ್ಟರು ಮುಚ್ಚಿದಳು.

ಕೋಕಿಲಾ ಹೆಣದ ಮೇಲೆ ಬಗ್ಗಿದಳು. ಅಕ್ಕಿಯೆಲ್ಲ ಅವನ ಗಲ್ಲದ ಮೇಲೆ ಚೆಲ್ಲಿತು. ತಮಟೆ ಶುರುವಾಯಿತು. ತಿರುಗಿ ನೋಡಿದರೆ ಮೇಧಾ ರಿಜಿಸ್ಟರನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಆ ಪುಟದ ನಡುವೆ ಸಿಕ್ಕಿಸಿದ್ದ ಬೆರಳನ್ನು ಇನ್ನೂ ತೆಗೆದಿರಲಿಲ್ಲ.