ಶಾರ್ಶೆನ್ ಬಾತಿರನ ಮನೆಯ ಗೋಡೆ

ಆ ವರ್ಷ ಹಿಮ ಕರಗುವಾಗ ಶಾರ್ಶೆನ್ ಬಾತಿರನ ಮನೆಯ ಹಿಂದಿನ ಗೋಡೆ ಕುಸಿಯಿತು. ಬಾತಿರ ಅಂದರೆ ವೀರ. ಝಾರ್ ದೊರೆಗೆ ಎದುರು ನಿಂತು ನೇಣಿಗೆ ಹೋದವನ ಮನೆ ಅದು. ದೇಶ ಸ್ವತಂತ್ರವಾದ ಮೇಲೆ ಅದನ್ನು ಸ್ಮಾರಕ ಮಾಡಿದ್ದರು. ಅವನ ಜೀನು, ನಿಲುವಂಗಿ ಎಲ್ಲ ಒಳಗೇ ಇದ್ದವು. ಬೀಗದ ಕೈ ಅವನ ಮೊಮ್ಮಗಳು ಕಾನಿಂಬೂಬು ಅಕ್ಕನ ಸೊಂಟದಲ್ಲಿ.

ಬೀಳುವ ಮನೆಯಲ್ಲಿ ಸ್ಮಾರಕ ಬೇಡ, ಸಾಮಾನನ್ನು ಪಟ್ಟಣಕ್ಕೆ ಒಯ್ಯುತ್ತೇವೆ, ಶುಕ್ರವಾರ ಲಾರಿ ಬರುತ್ತದೆ ಎಂದು ಪಟ್ಟಣದ ಕಚೇರಿಯವರು ಹೇಳಿಕಳಿಸಿದರು. ಅಕ್ಕ ಅಳಲಿಲ್ಲ. ಮನೆಮನೆಗೆ ಹೋಗಿ ಅಶರ್‌ಗೆ ಕರೆದಳು. ಅಶರ್ ಅಂದರೆ ಊರೆಲ್ಲ ಸೇರಿ, ಕೂಲಿಯಿಲ್ಲದೆ, ಒಬ್ಬರ ಮನೆ ಎಬ್ಬಿಸಿಕೊಡುವುದು. ಅಲ್ಲಿಗೆ ಯಾರೇ ಬರಲಿ, ಮೊದಲು ಕೆಲಸಕ್ಕೆ ಕೈ ಹಾಕಬೇಕು, ಮಾತು ಆಮೇಲೆ. ನನ್ನ ಅಜ್ಜನ ಕಾಲದಿಂದಲೂ ಹಾಗೇ.

ಶುಕ್ರವಾರ ಗೋಡೆಯ ಕೊನೆಯ ವರಸೆಗೆ ಹುಲ್ಲು ಬೆರೆಸಿದ ಮಣ್ಣು ತುಳಿಯುತ್ತಿದ್ದೆವು. ನಮ್ಮ ಜೊತೆ ಕುದುರೆಗಳೂ ತುಳಿಯುತ್ತಿದ್ದವು. ಲಾರಿ ಬಂತು. ನೂರ್‌ಗಾಜಿ ಎಂಬ ಅಧಿಕಾರಿ ಇಳಿದ. ಮಿರಿಮಿರಿ ಬೂಟು, ತುಂಬಿದ ಹೊಟ್ಟೆ.

“ಬಂದ್ಯಾ ತಮ್ಮಾ? ಬೂಟು ಬಿಚ್ಚು,” ಎಂದಳು ಅಕ್ಕ, ಮಣ್ಣಿನಲ್ಲೇ ನಿಂತು.

“ನಾನು ಸಾಮಾನು ತಗೊಂಡ್ಹೋಗೋಕೆ ಬಂದೋನು, ಅಕ್ಕ.”

“ಝಾರ್ ಸೈನಿಕರೂ ಅದಕ್ಕೇ ಬಂದಿದ್ರು. ಅವರೂ ಬೂಟು ಬಿಚ್ಚಲಿಲ್ಲ.”

ಅವನ ಕಿವಿ ಕೆಂಪಾಯಿತು. ಕಮ್ಮಾರ ಎಸೆಂಗುಲ್ ಮೆಲ್ಲಗೆ ಹೇಳಿದ, “ಮಣ್ಣಿಗೆ ಇಳೀಲಿ ಬಿಡಕ್ಕ. ಇವನೊಬ್ಬ ಇಳಿದ್ರೆ ಎರಡು ಕುದುರೇನ ಮೇಯೋಕೆ ಬಿಡಬಹುದು.”

ಮೊದಲು ನಕ್ಕವನು ನೂರ್‌ಗಾಜಿಯೇ. ಬೂಟು ಬಿಚ್ಚಿದ, ಷರಾಯಿ ಮಡಚಿದ, ಇಳಿದ. ಅವನೂ ಹಳ್ಳಿಯಲ್ಲಿ ಹುಟ್ಟಿದವನೇ ಇರಬೇಕು, ಹಿಮ್ಮಡಿ ಊರಿ ಚೆನ್ನಾಗಿ ತುಳಿದ. ಸ್ವಲ್ಪ ಹೊತ್ತಿಗೆ ಹುಲ್ಲು ಸಾಲದು ಎಂದು ನಮ್ಮನ್ನೇ ಗದರಿಸತೊಡಗಿದ. ಲಾರಿಯ ಚಾಲಕನನ್ನೂ ಎಳೆದುಕೊಂಡ.

ಹೊತ್ತು ಮುಳುಗುವಾಗ ಗೋಡೆ ಮಾಡಿನ ಮಟ್ಟಕ್ಕೆ ಬಂತು. ಅಕ್ಕ ಬೀಗದ ಕೈಯನ್ನು ಸೊಂಟದಿಂದ ತೆಗೆದು ಅವನ ಮುಂದೆ ಹಿಡಿದಳು.

“ಈಗ ಹೇಳು ತಮ್ಮಾ. ಈ ಮನೆ ಬೀಳುತ್ತಾ?”

ನೂರ್‌ಗಾಜಿ ಗೋಡೆ ನೋಡಿದ, ತನ್ನ ಕಾಲು ನೋಡಿಕೊಂಡ.

“ನಾನೇ ತುಳಿದ ಮಣ್ಣು. ಬೀಳುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಬೀಗದ ಕೈ ನಿನ್ನ ಹತ್ರಾನೇ ಇರಲಿ. ಪಟ್ಟಣದೋರಿಗೆ ನಾನು ಹೇಳ್ತೀನಿ.”

ಅಕ್ಕ ಎರಡೂ ಅಂಗೈ ತೆರೆದು ಪ್ರಾರ್ಥಿಸಿದಳು, ಬಾತಿರನಿಗಾಗಿಯೂ, ಬಂದವರಿಗಾಗಿಯೂ. ನಾವೆಲ್ಲ ವಾಡಿಕೆಯಂತೆ ಮುಖದ ಮೇಲೆ ಕೈ ಸವರಿಕೊಂಡೆವು. ಎಲ್ಲರ ಗಡ್ಡ, ಕೆನ್ನೆ ಮಣ್ಣಾಯಿತು. ಯಾರೂ ತೊಳೆದುಕೊಳ್ಳಲು ಹೋಗಲಿಲ್ಲ. ಹಾಗೇ ನಿಂತು ಹಾಡಿದೆವು. ಹೊಳೆಯಾಚೆಯವರಿಗೂ ಕೇಳಿಸಿತಂತೆ.